ಆ ಕಡೆ ಸ್ಕೋರ್ ಎಷ್ಟು?

ಪ್ರಿಯ ಮಿತ್ರರೇ,

ನಿಮ್ಮ ಕಾಗದ ಬಂತು. ಮನೆ, ಮಳೆ, ಮಕ್ಕಳ ಪರೀಕ್ಷೆ ಎಲ್ಲ ಬರೆದು ಕೊನೆಗೆ ಒಂದು ಸಾಲು ಸೇರಿಸಿದ್ದೀರಿ: "ವಿಶ್ವಕಪ್ ಫುಟ್‌ಬಾಲನ್ನು ನಾನು ಕ್ವಾರ್ಟರ್‌ಫೈನಲ್‌ನಿಂದ ನೋಡುವವನು. ಅದಕ್ಕೆ ಮೊದಲಿನದೆಲ್ಲ ಸಂತೆ, ಯಾರು ಯಾರ ಮೇಲೆ ಆಡುತ್ತಿದ್ದಾರೆ ಅಂತಲೇ ತಿಳಿಯುವುದಿಲ್ಲ." ಈ ಒಂದು ಸಾಲಿಗೆ ಉತ್ತರ ಕೊಡಲು ಕೂತಿದ್ದೇನೆ. ಉಳಿದ ವಿಷಯಕ್ಕೆ ಫೋನ್ ಮಾಡುತ್ತೇನೆ.

ನೀವು ಕ್ರಿಕೆಟ್ಟಿನವರು, ಅದರಲ್ಲೂ ಆರ್‌ಸಿಬಿಯವರು. 2022ರ ಮೇ 21ರ ರಾತ್ರಿ ಮರೆತಿರಲಾರಿರಿ. ನಮ್ಮವರು ಲೀಗ್ ಪಂದ್ಯಗಳನ್ನೆಲ್ಲ ಮುಗಿಸಿ, 16 ಅಂಕ ಇಟ್ಟುಕೊಂಡು, ಮೈನಸ್ ರನ್‌ರೇಟ್ ಹೊತ್ತು ಕೂತಿದ್ದರು. ವಾಂಖೆಡೆಯಲ್ಲಿ ಡೆಲ್ಲಿ ಗೆದ್ದರೆ ನಮ್ಮ ಕಥೆ ಮುಗಿಯಿತು, ಮುಂಬೈ ಗೆದ್ದರೆ ಪ್ಲೇಆಫ್. ಪಟ್ಟಿಯ ತಳದಲ್ಲಿದ್ದ ಮುಂಬೈಗೆ ಅವತ್ತು ಬೆಂಗಳೂರಿಗೆ ಬೆಂಗಳೂರೇ ಜೈ ಅಂದಿತು. ಮುಂಬೈಯ ಟಿಮ್ ಡೇವಿಡ್ 11 ಎಸೆತಕ್ಕೆ 34 ಚಚ್ಚಿದಾಗ ನಮ್ಮ ಬೀದಿಯಲ್ಲಿ ಪಟಾಕಿ ಹಾರಿತು. ನಮ್ಮ ತಂಡ ಆಡುತ್ತಲೇ ಇರಲಿಲ್ಲ! ಆದರೂ ಅಷ್ಟು ಎದೆ ಬಡಿತ ನಮ್ಮದೇ ಎಷ್ಟು ಪಂದ್ಯಗಳಲ್ಲಿ ಆಗಿದೆ ಹೇಳಿ?

ವಿಶ್ವಕಪ್ಪಿನ ಗುಂಪು ಹಂತದಲ್ಲಿ ಅಂಥ ರಾತ್ರಿಗಳು ಸಾಲಾಗಿ ಬರುತ್ತವೆ. ನಾಕೌಟ್‌ನಲ್ಲಿ ಇರುವುದು ಒಂದೇ ಪ್ರಶ್ನೆ, ಇಬ್ಬರಲ್ಲಿ ಗೆಲ್ಲುವವರು ಯಾರು ಅಂತ. ಗುಂಪಿನಲ್ಲಿ ಹಾಗಲ್ಲ. ನಿಮ್ಮ ತಂಡದ ಹಣೆಬರಹದಲ್ಲಿ ಅರ್ಧ ಅದರ ಕಾಲಲ್ಲಿ, ಇನ್ನರ್ಧ ಇನ್ನೆಲ್ಲೋ ಆಡುತ್ತಿರುವವರ ಕಾಲಲ್ಲಿ. ಕಣ್ಣು ಈ ಮೈದಾನದಲ್ಲಿ, ಕಿವಿ ಆ ಮೈದಾನದಲ್ಲಿ. ಫೈನಲ್‌ಗಿಂತ ನನಗೆ ಇದೇ ಇಷ್ಟ. ಕಾರಣಗಳನ್ನು ಕತಾರ್‌ನ 2022ರ ಟೂರ್ನಿಯಿಂದಲೇ ಕೊಡುತ್ತೇನೆ, ಅದಕ್ಕಿಂತ ಒಳ್ಳೆಯ ಗುಂಪು ಹಂತ ನಾನು ನೋಡಿಲ್ಲ.

ಅವತ್ತಿನ ನಿಯಮ ಸುಲಭ. 32 ತಂಡ, ಎಂಟು ಗುಂಪು, ಗುಂಪಿಗೆ ನಾಲ್ವರು. ಪ್ರತಿ ತಂಡಕ್ಕೆ ಮೂರು ಪಂದ್ಯ, ಗೆದ್ದರೆ 3 ಅಂಕ, ಡ್ರಾ ಆದರೆ 1. ಮೊದಲ ಇಬ್ಬರು ಮುಂದಕ್ಕೆ. ಅಂಕ ಸಮವಾದರೆ ಗೋಲು ವ್ಯತ್ಯಾಸ, ಅದೂ ಸಮವಾದರೆ ಹೊಡೆದ ಗೋಲು, ಆಮೇಲೆ ಪರಸ್ಪರ ಆಡಿದ ಪಂದ್ಯ, ಅದೂ ಸಮವಾದರೆ... ಅದಕ್ಕೆ ಆಮೇಲೆ ಬರುತ್ತೇನೆ, ಅಲ್ಲಿ ಒಂದು ಮಜಾ ಇದೆ.

"ನಮ್ಮ ದೇಶವೇ ಇಲ್ಲದ ಆಟದಲ್ಲಿ ಯಾರ ಪಕ್ಷ ಹಿಡಿಯುವುದು?" ಅಂತ ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಒಂದು ಸಲ ನಮ್ಮ ಹೆಸರೂ ಗುಂಪಿನ ಪಟ್ಟಿಯಲ್ಲಿ ಇತ್ತು. 1950ರಲ್ಲಿ ಬ್ರೆಜಿಲ್‌ನಲ್ಲಿ, ಇಟಲಿ, ಸ್ವೀಡನ್, ಪರಾಗ್ವೆ ಜೊತೆಗೆ. ತಂಡ ಹಡಗು ಹತ್ತಲಿಲ್ಲ. ಬರಿಗಾಲಲ್ಲಿ ಆಡಲು ಬಿಡಲಿಲ್ಲ ಅನ್ನುವ ಕಥೆ ಎಲ್ಲರ ಬಾಯಲ್ಲಿದೆ. ನಾಯಕರಾಗಿದ್ದ ಶೈಲೇನ್ ಮನ್ನಾ ಮಾತ್ರ ಆಮೇಲೆ ಹೇಳಿದ್ದು, ನಮ್ಮ ಫೆಡರೇಶನ್ನಿಗೆ ಒಲಿಂಪಿಕ್ಸ್ ಮುಂದೆ ವಿಶ್ವಕಪ್ ದೊಡ್ಡದಾಗಿ ಕಾಣಲೇ ಇಲ್ಲ ಅಂತ. ಆ ಕಾಲದ ಭಾರತ ತಂಡದಲ್ಲಿ ನಮ್ಮ ಬೆಂಗಳೂರಿನ ಅಹ್ಮದ್ ಖಾನ್ ಇದ್ದರು. ಇಟಲಿಯ ರಕ್ಷಣೆಯ ಎದುರು ಆ ಮನುಷ್ಯನ ಡ್ರಿಬಲ್ ಹೇಗಿರುತ್ತಿತ್ತೋ! ಇರಲಿ. ಸ್ವಂತ ತಂಡ ಇಲ್ಲದಿರುವುದರಲ್ಲಿ ಒಂದು ಲಾಭವೂ ಇದೆ. ನಿಮಗೆ ಇಷ್ಟ ಬಂದವರನ್ನು ಆರಿಸಿಕೊಳ್ಳಬಹುದು, ಅವರು ಸೋತರೆ ದೇಶದ ಮಾನ ಹೋಗುವುದಿಲ್ಲ.

ನಾನು 2022ರಲ್ಲಿ ಅರ್ಜೆಂಟೀನಾ ಇದ್ದ 'ಸಿ' ಗುಂಪು ಹಿಡಿದೆ. ನವೆಂಬರ್ 22, ಮಂಗಳವಾರ, ನಮ್ಮ ಸಮಯ ಮಧ್ಯಾಹ್ನ 3:30. ಕಚೇರಿಯಲ್ಲಿ ಕಾಫಿ ಹೊತ್ತು. ಸಹೋದ್ಯೋಗಿಯೊಬ್ಬರ ಫೋನನ್ನು ಫೈಲುಗಳಿಗೆ ಆನಿಸಿಟ್ಟು ಆರೇಳು ಜನ ಬಗ್ಗಿ ನೋಡುತ್ತಿದ್ದೆವು. ಅರ್ಜೆಂಟೀನಾ 36 ಪಂದ್ಯಗಳಿಂದ ಸೋತಿರಲಿಲ್ಲ. ಎದುರಿಗೆ ಸೌದಿ ಅರೇಬಿಯಾ. 10ನೇ ನಿಮಿಷದಲ್ಲಿ ಮೆಸ್ಸಿ ಪೆನಾಲ್ಟಿ ಹೊಡೆದರು, ನಮ್ಮಲ್ಲಿ ಇಬ್ಬರು ಸೀಟಿಗೆ ವಾಪಸ್ ಹೋದರು. ಅರ್ಜೆಂಟೀನಾ ಇನ್ನೂ ಮೂರು ಸಲ ಚೆಂಡನ್ನು ಬಲೆಗೆ ಹಾಕಿತು, ಮೂರು ಸಲವೂ ಆಫ್‌ಸೈಡ್. ಸೌದಿಯ ಕೋಚ್ ಹರ್ವೆ ರೆನಾರ್ ತಮ್ಮ ರಕ್ಷಣಾ ಸಾಲನ್ನು ಮೈದಾನದ ನಡುಗೆರೆಯ ಹತ್ತಿರದವರೆಗೆ ಮೇಲಕ್ಕೆ ತಂದು ನಿಲ್ಲಿಸಿದ್ದರು. ಒಂದು ಹೆಜ್ಜೆ ತಪ್ಪಿದರೆ ಮೆಸ್ಸಿ ಒಬ್ಬರೇ ಗೋಲಿನ ಮುಂದೆ. ಆದರೆ ಆ ಹೆಜ್ಜೆ ತಪ್ಪಲಿಲ್ಲ.

ವಿರಾಮ ಮುಗಿದು ಬಂದವರೇ 48ನೇ ನಿಮಿಷದಲ್ಲಿ ಸಾಲೇ ಅಲ್ ಶೆಹ್ರಿ ಒಂದು ಗೋಲು. 53ರಲ್ಲಿ ಸಲೇಂ ಅಲ್ ದವ್ಸಾರಿ ಪೆನಾಲ್ಟಿ ಬಾಕ್ಸಿನ ಎಡಗಡೆ ಚೆಂಡು ಹಿಡಿದು, ತಿರುಗಿ, ಇಬ್ಬರ ನಡುವೆ ನುಸುಳಿ, ಬಲಗಾಲಲ್ಲಿ ಆಚೆ ಮೂಲೆಗೆ ಬಾಗಿಸಿ ಹೊಡೆದರು. ಹೊಡೆದವರು ಲಾಗ ಹಾಕಿದರು, ಸೀಟಿಗೆ ಹೋಗಿದ್ದ ನಮ್ಮವರಿಬ್ಬರೂ ಓಡಿ ಬಂದರು. ಉಳಿದ ಹೊತ್ತೆಲ್ಲ ಗೋಲ್‌ಕೀಪರ್ ಮೊಹಮ್ಮದ್ ಅಲ್ ಒವೈಸ್ ಒಬ್ಬರೇ ಅರ್ಜೆಂಟೀನಾವನ್ನು ತಡೆದರು ಅಂದರೂ ತಪ್ಪಿಲ್ಲ. 2–1. ಮಾರನೇ ದಿನ ಸೌದಿಯಲ್ಲಿ ಸಾರ್ವತ್ರಿಕ ರಜೆ. (ಅಂದ ಹಾಗೆ, ಇದಾದ ಮೂರು-ಮೂರೂವರೆ ತಿಂಗಳಿಗೆ ನಮ್ಮ ಕರ್ನಾಟಕ ತಂಡ 54 ವರ್ಷಗಳ ನಂತರ ಸಂತೋಷ್ ಟ್ರೋಫಿ ಗೆದ್ದದ್ದೂ ಅದೇ ಸೌದಿಯ ರಿಯಾದ್‌ನಲ್ಲಿ. ಆ ಗೆಲುವಿಗೆ ನಮ್ಮಲ್ಲಿ ರಜೆ ಹಾಗಿರಲಿ, ಚರ್ಚೆಯೂ ಆಗಲಿಲ್ಲ.)

ಈಗ ಯೋಚಿಸಿ. ಇದೇ ಸೋಲು ನಾಕೌಟ್‌ನಲ್ಲಿ ಆಗಿದ್ದರೆ ಮೆಸ್ಸಿ ವಿಮಾನ ಹತ್ತುತ್ತಿದ್ದರು. ಗುಂಪು ಹಂತ ಶಿಕ್ಷೆ ಕೊಡುತ್ತದೆ, ಗಲ್ಲಿಗೇರಿಸುವುದಿಲ್ಲ. ಆ ಸಂಜೆಯಿಂದ ಅರ್ಜೆಂಟೀನಾದ ಅಭಿಮಾನಿಗಳೆಲ್ಲ ಗುಮಾಸ್ತರಾದರು. ಮೆಕ್ಸಿಕೊ ಮೇಲೆ ಗೆದ್ದರೆ ಎಷ್ಟು, ಪೋಲೆಂಡ್ ಸೌದಿಯನ್ನು ಸೋಲಿಸಿದರೆ ಏನು, ಡ್ರಾ ಆದರೆ ಏನು? ಮೆಕ್ಸಿಕೊ ಮೇಲೆ 64ನೇ ನಿಮಿಷದವರೆಗೂ ಏನೂ ಆಗದೆ, ಆಮೇಲೆ ಮೆಸ್ಸಿ ದೂರದಿಂದ ನೆಲಕ್ಕೆ ಅಂಟಿಕೊಂಡು ಹೋಗುವಂತೆ ಒಂದು ಹೊಡೆದರಲ್ಲ, ಆ ಗೋಲಿನ ತೂಕ ಮೊದಲ ಪಂದ್ಯ ನೋಡಿದವರಿಗೆ ಮಾತ್ರ ಗೊತ್ತು. ಕ್ವಾರ್ಟರ್‌ಫೈನಲ್‌ನಿಂದ ನೋಡುವ ನಿಮಗೆ ಅದು ಹೈಲೈಟ್ಸ್‌ನಲ್ಲಿ ಬರುವ ಒಂದು ಗೋಲು, ಅಷ್ಟೆ. ಇನ್ನೂ ಒಂದು ವಿಚಿತ್ರ ಕೇಳಿ. ಕೊನೆಗೆ ಕಪ್ ಎತ್ತಿದವರನ್ನು ಆ ಟೂರ್ನಿಯಲ್ಲಿ ಸೋಲಿಸಿದ ತಂಡ ಸೌದಿ ಒಂದೇ. ಅದೇ ಸೌದಿ ಮುಂದಿನ ಎರಡೂ ಪಂದ್ಯ ಸೋತು ತನ್ನ ಗುಂಪಿನಲ್ಲಿ ಕೊನೆಯ ಸ್ಥಾನದಲ್ಲಿ ಉಳಿಯಿತು.

ಇನ್ನು ಆ ಗುಂಪಿನ ಕೊನೆಯ ರಾತ್ರಿ. ನವೆಂಬರ್ 30, ನಮಗೆ ನಡುರಾತ್ರಿ ದಾಟಿ 12:30. ಅರ್ಜೆಂಟೀನಾ–ಪೋಲೆಂಡ್ ಪಂದ್ಯ 'ಸ್ಟೇಡಿಯಂ 974'ರಲ್ಲಿ. ಹಡಗಿನಲ್ಲಿ ಸಾಮಾನು ಸಾಗಿಸುವ 974 ಕಂಟೇನರ್‌ಗಳನ್ನು ಸೇರಿಸಿ ಕಟ್ಟಿದ್ದು, ಬೇಕಾದರೆ ಬಿಚ್ಚಬಹುದಾದದ್ದು. ಆ ಸಂಖ್ಯೆಯನ್ನು ನಮ್ಮ ಕರಾವಳಿಯ ಮನೆಗಳಿಗೆ ಯಾರೂ ಪರಿಚಯ ಮಾಡಿಕೊಡಬೇಕಿಲ್ಲ, ಮಗನೋ ಅಳಿಯನೋ ದೋಹಾದಿಂದ ಫೋನ್ ಮಾಡಿದರೆ ಮೊದಲು ಕಾಣುವುದೇ ಆ ಮೂರಂಕಿ, ಕತಾರ್‌ನ ಕೋಡ್. ಅಲ್ಲಿ ಮೆಸ್ಸಿಯ ಪೆನಾಲ್ಟಿಯನ್ನು ಪೋಲೆಂಡ್‌ನ ಗೋಲ್‌ಕೀಪರ್ ಶೆಸ್ನಿ ತಡೆದರು, ಆದರೂ ಮ್ಯಾಕ್ ಅಲಿಸ್ಟರ್, ಅಲ್ವಾರೆಜ್ ಹೊಡೆದು 67ನೇ ನಿಮಿಷಕ್ಕೆ 2–0. ಅದೇ ಹೊತ್ತಿಗೆ ಲುಸೈಲ್‌ನಲ್ಲಿ ಮೆಕ್ಸಿಕೊ ಸೌದಿಯ ಮೇಲೆ 2–0.

ಪೋಲೆಂಡ್‌ಗೂ ಮೆಕ್ಸಿಕೊಗೂ 4–4 ಅಂಕ. ಗೋಲು ವ್ಯತ್ಯಾಸ ಇಬ್ಬರದೂ ಸೊನ್ನೆ. ಹೊಡೆದ ಗೋಲು ಎರಡೆರಡು. ತಮ್ಮತಮ್ಮಲ್ಲಿ ಆಡಿದ್ದು 0–0. ಮಜಾ ಇದೆ ಅಂದೆನಲ್ಲ, ಅದು ಇಲ್ಲಿ. ಇನ್ನು ಉಳಿದದ್ದು ಹಳದಿ ಕಾರ್ಡು! ಪೋಲೆಂಡ್‌ಗೆ ಐದು, ಮೆಕ್ಸಿಕೊಗೆ ಏಳು. ಅಂದರೆ ಪೋಲೆಂಡ್ ಇದ್ದಂತೆಯೇ ಸೋತರೆ ಮುಂದಕ್ಕೆ ಹೋಗುತ್ತದೆ, ಆದರೆ ಯಾರನ್ನೂ ಎಳೆಯಬಾರದು, ಯಾರಿಗೂ ಕಾಲು ಕೊಡಬಾರದು, ರೆಫರಿಗೆ ಎದುರು ಮಾತಾಡಬಾರದು. ಮೆಕ್ಸಿಕೊಗೆ ಇನ್ನೊಂದೇ ಗೋಲು ಬೇಕು. ಅವರು ಬಲೆಗೆ ಹಾಕಿದ ಎರಡು ಚೆಂಡು ಆಫ್‌ಸೈಡ್ ಎಂದು ಹೋದವು. ಈ ಲೆಕ್ಕದ ಮೇಲೆ ಎರಡು ದೇಶ ಸುಮಾರು ಅರ್ಧ ಗಂಟೆ ನೇತಾಡಿದವು. ಕೊನೆಗೆ ಹೆಚ್ಚುವರಿ ಸಮಯದ ಐದನೇ ನಿಮಿಷದಲ್ಲಿ ಅದೇ ಅಲ್ ದವ್ಸಾರಿ ಸೌದಿಗೆ ಒಂದು ಗೋಲು ಹೊಡೆದು ಮೆಕ್ಸಿಕೊದ ಆಸೆ ಮುಗಿಸಿದರು. 1978ರ ನಂತರ ಮೆಕ್ಸಿಕೊ ಗುಂಪಿನಲ್ಲೇ ಉದುರಿದ್ದು ಅದೇ ಮೊದಲು. ಸೋತ ಪೋಲೆಂಡ್ ಕುಣಿಯಿತು, ಗೆದ್ದ ಮೆಕ್ಸಿಕೊ ಅತ್ತಿತು.

ಹಳದಿ ಕಾರ್ಡಿನ ಲೆಕ್ಕದಲ್ಲಿ ನಿಜವಾಗಿ ತೀರ್ಮಾನ ಆದದ್ದು 2018ರಲ್ಲಿ, ಜಪಾನ್‌–ಸೆನೆಗಲ್ ನಡುವೆ. ಜಪಾನ್ ಪೋಲೆಂಡ್ ಎದುರು 0–1ರಲ್ಲಿ ಸೋಲುತ್ತಿತ್ತು, ಇನ್ನೊಂದು ಕಡೆ ಸೆನೆಗಲ್ ಕೊಲಂಬಿಯಾಗೆ ಸೋಲುತ್ತಿತ್ತು. ಜಪಾನ್‌ನವರು ಕೊನೆಯ ಹತ್ತು ನಿಮಿಷ ಗೋಲಿನ ಕಡೆ ಮುಖವನ್ನೇ ಹಾಕದೆ ತಮ್ಮತಮ್ಮಲ್ಲೇ ಪಾಸ್ ಮಾಡಿಕೊಂಡು ನಿಂತರು. ಜನ ಶಿಳ್ಳೆ ಹೊಡೆದು ಛೀಮಾರಿ ಹಾಕಿದರು. ನಾನು ಹಾಕುವುದಿಲ್ಲ. ಆ ಕಡೆ ಸೆನೆಗಲ್ ಒಂದು ಗೋಲು ಹೊಡೆದಿದ್ದರೆ ಜಪಾನ್ ಜಗತ್ತಿನ ಮುಂದೆ ನಗೆಪಾಟಲಾಗುತ್ತಿತ್ತು. ಅಂಥ ಜೂಜಿಗೂ ಗುಂಡಿಗೆ ಬೇಕು.

ಕೊನೆಯ ಎರಡು ಪಂದ್ಯ ಒಂದೇ ಹೊತ್ತಿಗೆ ಯಾಕೆ ಅಂತ ನಿಮಗೆ ಅನಿಸಿರಬಹುದು. ಟಿವಿಯವರಿಗೆ ನಷ್ಟವೇ ತಾನೆ? ಅದರ ಹಿಂದೆ ಒಂದು ಕೊಳಕು ಮಧ್ಯಾಹ್ನ ಇದೆ. 1982ರ ಜೂನ್ 25, ಸ್ಪೇನ್‌ನ ಹಿಹೊನ್ ಊರು. ಮೊದಲ ಸಲ ವಿಶ್ವಕಪ್ಪಿಗೆ ಬಂದ ಅಲ್ಜೀರಿಯಾ ಪಶ್ಚಿಮ ಜರ್ಮನಿಯನ್ನೇ 2–1ರಿಂದ ಸೋಲಿಸಿ, ತನ್ನ ಕೊನೆಯ ಪಂದ್ಯವನ್ನು ಹಿಂದಿನ ದಿನವೇ ಗೆದ್ದು ಮುಗಿಸಿತ್ತು. ಮಾರನೇ ದಿನ ಪಶ್ಚಿಮ ಜರ್ಮನಿ–ಆಸ್ಟ್ರಿಯಾ. ಜರ್ಮನಿ ಒಂದೋ ಎರಡೋ ಗೋಲಿನಿಂದ ಗೆದ್ದರೆ ಇಬ್ಬರೂ ಮುಂದಕ್ಕೆ, ಅಲ್ಜೀರಿಯಾ ಮನೆಗೆ. 10ನೇ ನಿಮಿಷದಲ್ಲಿ ಜರ್ಮನಿಯ ಹ್ರೂಬೆಶ್ ಗೋಲು ಹೊಡೆದರು. ಆಮೇಲೆ ಎಂಬತ್ತು ನಿಮಿಷ ಇಬ್ಬರೂ ಆಡಲಿಲ್ಲ, ಚೆಂಡನ್ನು ಅತ್ತಿತ್ತ ತಳ್ಳುತ್ತಾ ಕಾಲ ಕಳೆದರು. ಗ್ಯಾಲರಿಯಲ್ಲಿದ್ದ ಅಲ್ಜೀರಿಯಾದವರು ನೋಟು ಹಿಡಿದು ಬೀಸಿದರು. ನಿಯಮ ಮುರಿದಿರಲಿಲ್ಲ, ಆದ್ದರಿಂದ ಶಿಕ್ಷೆಯೂ ಆಗಲಿಲ್ಲ. ಆದರೆ 1986ರಿಂದ ಗುಂಪಿನ ಕೊನೆಯ ಎರಡು ಪಂದ್ಯಗಳು ಒಂದೇ ಹೊತ್ತಿಗೆ ಶುರುವಾಗತೊಡಗಿದವು. ನಾವು ಇವತ್ತು ಅನುಭವಿಸುವ ಸುಖಕ್ಕೆಲ್ಲ ಅಲ್ಜೀರಿಯಾ ಬೆಲೆ ಕೊಟ್ಟಿದೆ.

ಈಗ ಡಿಸೆಂಬರ್ 1ರ 'ಇ' ಗುಂಪು. ಇದನ್ನು ನಿಧಾನವಾಗಿ ಓದಿ. ಸ್ಪೇನ್‌ಗೆ 4 ಅಂಕ, ಜಪಾನ್‌ಗೆ 3, ಕೋಸ್ಟರಿಕಾಗೆ 3, ಜರ್ಮನಿಗೆ 1. ಸ್ಪೇನ್ ಮೇಲೆ 7–0ರಲ್ಲಿ ಸೋತ ಕೋಸ್ಟರಿಕಾ, ಜರ್ಮನಿಯನ್ನು ಸೋಲಿಸಿದ ಜಪಾನನ್ನೇ ಸೋಲಿಸಿತ್ತು ಅನ್ನುವುದು ನೆನಪಿರಲಿ, ತರ್ಕ ಹುಡುಕಬೇಡಿ. ಮನೆಯಲ್ಲಿ ಎಲ್ಲರೂ ಮಲಗಿದ್ದರು. ಟಿವಿಯಲ್ಲಿ ಸದ್ದು ಅಡಗಿಸಿ ಜಪಾನ್–ಸ್ಪೇನ್, ಮಡಿಲಲ್ಲಿ ಫೋನಿನಲ್ಲಿ ಜರ್ಮನಿ–ಕೋಸ್ಟರಿಕಾ, ಪಕ್ಕದಲ್ಲಿ ಗೆರೆ ಎಳೆದ ನೋಟ್‌ಬುಕ್ಕು. ಪೆನ್ಸಿಲ್ಲಿನಲ್ಲೇ ಬರೆಯಬೇಕು, ಪೆನ್ನಿನಲ್ಲಿ ಬರೆದರೆ ಪುಟ ಹಾಳಾಗುತ್ತದೆ.

10ನೇ ನಿಮಿಷ, ನಾಬ್ರಿ, ಜರ್ಮನಿ ಮುಂದೆ. 11ನೇ ನಿಮಿಷ, ಮೊರಾಟಾ, ಸ್ಪೇನ್ ಮುಂದೆ. ವಿರಾಮದ ಹೊತ್ತಿಗೆ ಸ್ಪೇನ್, ಜರ್ಮನಿ ಒಳಗೆ. ಎಲ್ಲರೂ ಅಂದುಕೊಂಡಂತೆಯೇ. 48ರಲ್ಲಿ ಜಪಾನ್‌ನ ಡೊವಾನ್ ದೂರದಿಂದ ಗುದ್ದಿ ಸಮ ಮಾಡಿದರು. 51ರಲ್ಲಿ ಚೆಂಡು ಗೋಲಿನ ಪಕ್ಕದ ಗೆರೆ ದಾಟಿಯೇ ಹೋಯಿತು ಅನ್ನುವಷ್ಟರಲ್ಲಿ ಮಿತೋಮಾ ಜಾರಿ ಹೋಗಿ ಅದನ್ನು ಒಳಕ್ಕೆ ಎಳೆದರು, ತನಾಕಾ ಬಲೆಗೆ ಸೇರಿಸಿದರು. ವಿಡಿಯೊ ನೋಡಿ ತೀರ್ಪು ಪರಿಶೀಲಿಸುವ ವಿಎಆರ್ ಎಷ್ಟೋ ಹೊತ್ತು ನೋಡಿತು. ಪಕ್ಕದಿಂದ ತೆಗೆದ ಚಿತ್ರದಲ್ಲಿ ಚೆಂಡು ಪೂರ್ತಿ ಹೊರಗೆ, ಮೇಲಿನಿಂದ ತೆಗೆದದ್ದರಲ್ಲಿ ಅದರ ಅಂಚು ಗೆರೆಯ ಮೇಲೆ. ನಿಯಮದ ಪ್ರಕಾರ ಇಡೀ ಚೆಂಡು ಗೆರೆ ದಾಟಬೇಕು. ಗೋಲು! ಜಪಾನ್ ಮೊದಲ ಸ್ಥಾನಕ್ಕೆ. ಜರ್ಮನಿ ಗೆಲ್ಲುತ್ತಿದ್ದರೂ ಹೊರಗೆ.

58ರಲ್ಲಿ ಕೋಸ್ಟರಿಕಾ ಸಮ ಮಾಡಿತು. 70ರಲ್ಲಿ 2–1 ಮುಂದೆ ಹೋಯಿತು. ನೋಟ್‌ಬುಕ್ಕಿನಲ್ಲಿ ಅಳಿಸಿ ಬರೆದೆ: ಜಪಾನ್ 6, ಕೋಸ್ಟರಿಕಾ 6, ಸ್ಪೇನ್ 4, ಜರ್ಮನಿ 1. ಜರ್ಮನಿಯೂ ಹೊರಗೆ, ಸ್ಪೇನೂ ಹೊರಗೆ. 2010ರ ಚಾಂಪಿಯನ್, 2014ರ ಚಾಂಪಿಯನ್, ಇಬ್ಬರೂ ಒಟ್ಟಿಗೆ. ಸುಮ್ಮನೆ ಹೇಳುವ ಮಾತಲ್ಲ, ಮೂರು ನಿಮಿಷ ನಿಜವಾಗಿ ಹಾಗಿತ್ತು. ತಾವು ಹೊರಗಿದ್ದದ್ದು ಆ ಹೊತ್ತಿನಲ್ಲಿ ತಮಗೆ ಗೊತ್ತೇ ಇರಲಿಲ್ಲ ಎಂದು ಸ್ಪೇನ್‌ನ ಕೋಚ್ ಲೂಯಿಸ್ ಎನ್ರಿಕೆ ಆಮೇಲೆ ಹೇಳಿಕೊಂಡರು. ನನಗೆ ಗೊತ್ತಿತ್ತು! 73ರಲ್ಲಿ ಹಾವರ್ಟ್ಜ್ ಸಮ ಮಾಡಿದರು, ಸ್ಪೇನ್ ಬದುಕಿತು. ಅಂದರೆ ಸ್ಪೇನನ್ನು ಉಳಿಸಿದ್ದು ಜರ್ಮನಿ, ಜರ್ಮನಿಯನ್ನು ಮುಳುಗಿಸಿದ್ದು ಸ್ಪೇನ್‌ನ ಸೋಲು. ಜರ್ಮನಿ 4–2ರಿಂದ ಗೆದ್ದು ಸತತ ಎರಡನೇ ವಿಶ್ವಕಪ್ಪಿನಲ್ಲಿ ಗುಂಪಿನಿಂದಲೇ ಮನೆಗೆ ಹೋಯಿತು. ಪುರುಷರ ವಿಶ್ವಕಪ್ ಪಂದ್ಯಕ್ಕೆ ಮೊದಲ ಸಲ ಒಬ್ಬ ಹೆಣ್ಣುಮಗಳು, ಫ್ರಾನ್ಸಿನ ಸ್ಟೆಫನಿ ಫ್ರಾಪರ್, ರೆಫರಿಯಾಗಿ ಶಿಳ್ಳೆ ಊದಿದ್ದೂ ಅದೇ ಪಂದ್ಯದಲ್ಲಿ. ಅಷ್ಟು ಗದ್ದಲದ ರಾತ್ರಿ ಅವರ ಒಂದು ತೀರ್ಪಿನ ಬಗ್ಗೆಯೂ ರಂಪ ಆಗಲಿಲ್ಲ. ರೆಫರಿಗೆ ಇದಕ್ಕಿಂತ ದೊಡ್ಡ ಸರ್ಟಿಫಿಕೇಟ್ ಬೇಕೆ?

ಮರುದಿನ 'ಎಚ್' ಗುಂಪು. ಮುಖಕ್ಕೆ ಕಪ್ಪು ಕವಚ ಹಾಕಿಕೊಂಡು ಆಡುತ್ತಿದ್ದ ದಕ್ಷಿಣ ಕೊರಿಯಾದ ಸನ್ ಹ್ಯೂಂಗ್ ಮಿನ್ ಹೆಚ್ಚುವರಿ ಸಮಯದಲ್ಲಿ ತಮ್ಮ ಅರ್ಧದಿಂದ ಚೆಂಡು ಹಿಡಿದು ಓಡಿ, ಎದುರು ನಿಂತವರ ಕಾಲುಗಳ ನಡುವಿನಿಂದ ಹ್ವಾಂಗ್ ಹೀ ಚಾನ್‌ಗೆ ದಾಟಿಸಿದರು. ದಕ್ಷಿಣ ಕೊರಿಯಾ 2, ಪೋರ್ಚುಗಲ್ 1. ಪಂದ್ಯ ಮುಗಿಯಿತು, ಆದರೆ ಮುಗಿಯಲಿಲ್ಲ. ಆ ಕಡೆ ಉರುಗ್ವೆ ಘಾನಾ ಮೇಲೆ 2–0 ಮುಂದಿತ್ತು, ಇನ್ನೊಂದು ಗೋಲು ಹೊಡೆದರೆ ಕೊರಿಯಾ ಹೊರಗೆ. ಕೊರಿಯಾದ ಆಟಗಾರರು ಮೈದಾನದ ನಡುವೆ ಗುಂಪುಗೂಡಿ, ಒಂದು ಫೋನಿಗೆ ತಲೆ ಬಗ್ಗಿಸಿ ನಿಂತರು. ಆಡಿ ಬೆವರಿದ ವೃತ್ತಿಪರ ಆಟಗಾರರೂ ನಮ್ಮ ಕಚೇರಿಯ ಆರೇಳು ಜನರ ಹಾಗೇ ಬೇರೆಯವರ ಪಂದ್ಯ ನೋಡುವ ಅಭಿಮಾನಿಗಳಾದರು. ಘಾನಾ ತಾನು ಮುಂದೆ ಹೋಗಲಾರದೆಂದು ಗೊತ್ತಿದ್ದೂ ಮೂರನೇ ಗೋಲು ಬಿಡಲಿಲ್ಲ. 2010ರಲ್ಲಿ ಉರುಗ್ವೆಯ ಸುವಾರೆಜ್ ಗೋಲಿನ ಗೆರೆಯ ಮೇಲೆ ಕೈಯಲ್ಲಿ ಚೆಂಡು ತಡೆದು ಘಾನಾದ ಸೆಮಿಫೈನಲ್ ಕಸಿದಿದ್ದರಲ್ಲ, ಆ ಬಾಕಿ 12 ವರ್ಷ ಉಳಿದಿತ್ತು. ಬೆಂಚಿನಲ್ಲಿ ಕೂತಿದ್ದ ಸುವಾರೆಜ್ ಅಂಗಿಯಲ್ಲಿ ಮುಖ ಮುಚ್ಚಿಕೊಂಡು ಅತ್ತರು. ಹೊಡೆದ ಗೋಲಿನ ಲೆಕ್ಕದಲ್ಲಿ, ನಾಲ್ಕಕ್ಕೆ ಎರಡು, ಕೊರಿಯಾ ಮುಂದಕ್ಕೆ.

ಬೆಲ್ಜಿಯಂ ಮನೆಗೆ ಹೋದದ್ದು, ಮೊರಾಕ್ಕೊ ತನ್ನ ಗುಂಪಿಗೆ ಮೊದಲಾದದ್ದು, ಬ್ರೆಜಿಲ್ ಮೇಲೆ ಗೋಲು ಹೊಡೆದ ಖುಷಿಗೆ ಅಂಗಿ ಬಿಚ್ಚಿ ಕೆಂಪು ಕಾರ್ಡು ಪಡೆದ ಕ್ಯಾಮರೂನಿನ ಅಬೂಬಕರ್, ಇವೆಲ್ಲ ಫೋನಿನಲ್ಲಿ. ಒಂದು ಮಾತ್ರ ಗುರುತು ಹಾಕಿಕೊಳ್ಳಿ: 32 ತಂಡಗಳಲ್ಲಿ ಮೂರಕ್ಕೆ ಮೂರೂ ಗೆದ್ದ ತಂಡ ಒಂದೂ ಇರಲಿಲ್ಲ. 1994ರ ನಂತರ ಹಾಗೆ ಆದದ್ದು ಅದೇ ಮೊದಲು.

ಈಗ 48 ತಂಡಗಳ ಕಾಲ. ಮೂರು ಮೂರು ತಂಡಗಳ ಗುಂಪು ಮಾಡುವುದೆಂದು ಫಿಫಾ ಮೊದಲು ಹೊರಟಿತ್ತು. ಕತಾರ್‌ನ ಈ ಕೊನೆಯ ನಾಲ್ಕು ದಿನ ನೋಡಿದ ಮೇಲೆ, 2023ರ ಮಾರ್ಚ್‌ನಲ್ಲಿ, ನಾಲ್ವರ ಗುಂಪೇ ಇರಲಿ ಎಂದು ಮನಸ್ಸು ಬದಲಿಸಿತು. ಬುದ್ಧಿವಂತ ತೀರ್ಮಾನ. ಆದರೆ 12 ಗುಂಪುಗಳ ಮೂರನೇ ಸ್ಥಾನದವರಲ್ಲೂ ಎಂಟು ಮಂದಿ ಮುಂದಕ್ಕೆ ಹೋಗುತ್ತಾರೆ ಅನ್ನುವುದು ನನಗೆ ಹಿಡಿಸದು. ಖಾರ ಕಡಿಮೆಯಾಗುತ್ತದೆ. 2016ರ ಯುರೋ ಕಪ್‌ನಲ್ಲಿ ಪೋರ್ಚುಗಲ್ ಮೂರೂ ಪಂದ್ಯ ಡ್ರಾ ಮಾಡಿಕೊಂಡು, ಗುಂಪಿನಲ್ಲಿ ಮೂರನೆಯದಾಗಿ, ಕೊನೆಗೆ ಕಪ್ಪನ್ನೇ ಗೆದ್ದಿತಲ್ಲ ಎಂದು ನೀವು ವಾದಿಸಬಹುದು. ಗೆದ್ದಿತು, ಒಪ್ಪುತ್ತೇನೆ. ಆದರೂ ನನಗೆ ಅದು ರುಚಿಸಲಿಲ್ಲ.

ಆದ್ದರಿಂದ ನನ್ನದೊಂದು ಕೋರಿಕೆ. ಮುಂದಿನ ದೊಡ್ಡ ಟೂರ್ನಿ ಶುರುವಾದಾಗ ಎಲ್ಲ ಪಂದ್ಯ ನೋಡಲು ಹೋಗಬೇಡಿ, ಅದು ನಿಮಗೂ ಆಗದು, ಮನೆಯವರೂ ಬಿಡರು. ಒಂದೇ ಒಂದು ಗುಂಪು ಹಿಡಿಯಿರಿ. ನಾಲ್ಕು ತಂಡ, ಆರು ಪಂದ್ಯ. ಎಲ್ಲರೂ ಬಲಿಷ್ಠರಿರುವ ಗುಂಪು ಬೇಡ, ಒಬ್ಬ ದೊಡ್ಡವನು, ಇಬ್ಬರು ನಡುವಿನವರು, ಮೊದಲ ಸಲ ಬಂದ ಒಬ್ಬ ಬಡಪಾಯಿ, ಹೀಗಿರಲಿ. ಬಡಪಾಯಿಯ ಪಕ್ಷ ವಹಿಸಿ. ಪೇಪರಿನವರು ಕೊಡುವ ವೇಳಾಪಟ್ಟಿಯನ್ನು ಕತ್ತರಿಸಿ ಗೋಡೆಗೆ ಅಂಟಿಸಿ, ಕೊನೆಯ ದಿನಕ್ಕೆ ಎರಡು ಪರದೆ, ಒಂದು ಪೆನ್ಸಿಲ್ ಸಿದ್ಧವಿಡಿ. ಯಾವ ಗುಂಪು ಹಿಡಿದಿರಿ ಎಂದು ಮುಂಚೆಯೇ ಬರೆದು ತಿಳಿಸಿ. ನನ್ನ ತಂಡ ಸಾಮಾನ್ಯವಾಗಿ ಕ್ವಾರ್ಟರ್‌ಫೈನಲ್ ಹೊತ್ತಿಗೆ ಊರಿಗೆ ಹೋಗಿರುತ್ತದೆ, ಆಮೇಲೆ ನಿಮ್ಮವರಿಗೇ ಜೈ ಅನ್ನುತ್ತೇನೆ.

ಮನೆಯವರಿಗೆಲ್ಲ ನನ್ನ ನಮಸ್ಕಾರ ತಿಳಿಸಿ.

ಇಂತಿ ನಿಮ್ಮ ವಿಶ್ವಾಸಿ